ಮುರುಗಲು (ಪುನರ್ಪುಳಿ, ಕೋಕಂ) ತುಪ್ಪದ ಸೋಪು: ಜಾತ್ರೆಯಲ್ಲಿ ಅಂಗಡಿ ಹಾಕಬಹುದಾ, ಮೇಳಕ್ಕೆ ಕಾಯಬೇಕಾ?

ಬೆಟ್ಟದಮನೆ (ಸಿದ್ದಾಪುರ, ಉತ್ತರ ಕನ್ನಡ)

ಎಲ್ಲರಿಗೂ ನಮಸ್ಕಾರ. ಒಂದು ಸಲಹೆ ಬೇಕಿತ್ತು. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ಘಟ್ಟದ ಅಂಚಿನ ಊರು. ಸ್ವಲ್ಪ ತೋಟ, ಅದಕ್ಕೆ ತಕ್ಕ ಸೊಪ್ಪಿನ ಬೆಟ್ಟ, ಕೊಟ್ಟಿಗೆಯಲ್ಲಿ ಮಲೆನಾಡು ಗಿಡ್ಡ ಹಸುಗಳು. ಅಡಿಕೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ ಮುಗಿಯುವ ಹೊತ್ತಿಗೆ ಶಿವರಾತ್ರಿ ಹತ್ತಿರ ಬಂದಿರುತ್ತದೆ. ಆಮೇಲೆ ಮಳೆ ಹಿಡಿಯುವವರೆಗೆ ಕೆಲಸ ಇಲ್ಲ ಅಂತಲ್ಲ. ದರಕು (ಉದುರಿದ ಒಣ ಎಲೆ) ಗುಡಿಸಬೇಕು, ಅಪ್ಪೆಮಿಡಿ ಉಪ್ಪಿಗೆ ಹಾಕಬೇಕು, ಹಲಸಿನ ಹಪ್ಪಳ ಹಚ್ಚಬೇಕು, ಬೆಟ್ಟದಿಂದ ಪೈಪಿನಲ್ಲಿ ಇಳಿದು ಬರುವ ಅಬ್ಬಿ ನೀರು ಸಣ್ಣಗಾದರೆ ಪೈಪು ನೋಡಲು ಬೆಟ್ಟ ಹತ್ತಬೇಕು. ಆದರೂ ನಮ್ಮ ಕಡೆ ಹೆಂಗಸರ ಕೈಗೆ ನಾಲ್ಕು ಕಾಸು ಬರುವ ಕಾಲ ಅಂದರೆ ಇದೇ. ಯುಗಾದಿ ಆಸುಪಾಸು ಕಾಡೆಲ್ಲ ಕೆಂಪು ಚಿಗುರು ಬಿಟ್ಟು ನಿಂತಿರುತ್ತದೆ, ಸುರಗಿ ಹೂವಿನ ವಾಸನೆ ಅಂಗಳದವರೆಗೆ ಬರುತ್ತದೆ, ಆಮೇಲೆ ಏಪ್ರಿಲ್‌ನಲ್ಲಿ ಮುರುಗಲು ಹಣ್ಣು ಶುರು.

ಹಣ್ಣಿನ ಸಿಪ್ಪೆ ಒಣಗಿಸಿ ಮಾರುತ್ತೇವೆ. ಬೀಜವನ್ನು ಹೆಚ್ಚಿನವರು ಎಸೆಯುತ್ತಾರೆ. ನಮ್ಮತ್ತೆ ಎಸೆಯುವುದಿಲ್ಲ, ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸಿ ತುಪ್ಪ ತೆಗೆಯುತ್ತಾರೆ. ರಾತ್ರಿ ಹಾಗೇ ಬಿಟ್ಟರೆ ಬೆಳಗ್ಗೆ ಮೇಲೆ ಗಟ್ಟಿ ಪದರ ಕಟ್ಟಿರುತ್ತದೆ. ಅದನ್ನು ತೆಗೆದು ಮತ್ತೆ ಕಾಯಿಸಿ ಉಂಡೆ ಮಾಡಿ ಇಡುತ್ತಾರೆ, ಚಳಿಗಾಲದಲ್ಲಿ ಹಿಮ್ಮಡಿ ಒಡೆದರೆ ಹಚ್ಚಲು. ನಾನು ಆ ತುಪ್ಪವನ್ನು ತೆಂಗಿನೆಣ್ಣೆ ಜೊತೆ ಸೇರಿಸಿ ಸೋಪು ಮಾಡಲು ಶುರು ಮಾಡಿದೆ. ಮನೆಯವರು, ನೆಂಟರು ಎಲ್ಲರೂ ಇಷ್ಟಪಟ್ಟಿದ್ದಾರೆ. ಬೇಡಿ ಬೇಡಿ ಒಯ್ಯುತ್ತಿದ್ದಾರೆ.

ಈಗ ಮಾರಬೇಕು ಅಂತ ಇದೆ. ಜಾತ್ರೆಯಲ್ಲಿ ಅಂಗಡಿ ಹಾಕಿದರೆ ನಡೆಯುತ್ತದಾ? ನಮಗೆ ಹತ್ತಿರ ಅಂದರೆ ಶಿರಸಿ, ಸಾಗರ. ಬೆಲೆ ಎಷ್ಟಿಡಬೇಕು? ಸುರಗಿ, ರಂಜೆ ಹೂವಿನ ಪರಿಮಳ ಸೋಪಿಗೆ ಬರುವ ಹಾಗೆ ಮಾಡಬಹುದಾ? ಮಳೆಗಾಲದಲ್ಲಿ ಮಾಡಿದ ಸೋಪು ಬೆವರಿದ ಹಾಗೆ ಹನಿ ಹನಿ ಆಗುತ್ತದೆ, ಅದಕ್ಕೇನು ಮಾಡುವುದು? ಲೈಸೆನ್ಸ್ ಬೇಕು ಅಂತ ಒಬ್ಬರು ಹೆದರಿಸಿದರು, ಅದು ನಿಜವಾ? ಗೊತ್ತಿರುವವರು ಹೇಳಿ.

ತುಂಗೆದಡ (ತೀರ್ಥಹಳ್ಳಿ)

ತಂಗಿ, ನಾನು ಹತ್ತಾರು ಮೇಳದಲ್ಲಿ ಸೋಪು, ಉಪ್ಪಿನಕಾಯಿ, ಸೀಗೆಪುಡಿ ಮಾರಿದವಳು. ಜಾತ್ರೆ ವಿಷಯ ಮೊದಲು ಹೇಳುತ್ತೇನೆ, ಯಾಕೆಂದರೆ ದುಡ್ಡು ಹೋಗುವುದು ಅಲ್ಲೇ.

ಶಿರಸಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಸಾಗರದ್ದು ಮೂರು ವರ್ಷಕ್ಕೊಮ್ಮೆ. ಲಕ್ಷಗಟ್ಟಲೆ ಜನ ಬರುತ್ತಾರೆ, ಆದರೆ ಅವರು ಬರುವುದು ದೇವಿ ನೋಡಲು, ತೊಟ್ಟಿಲು ಹತ್ತಲು, ಬಳೆ ಇಡಿಸಿಕೊಳ್ಳಲು, ನಾಟಕ ನೋಡಲು. ಅಂಗಡಿ ಜಾಗ ಹರಾಜಿನಲ್ಲಿ ಹೋಗುತ್ತದೆ. ಊರೂರು ಸುತ್ತುವ ದೊಡ್ಡ ವ್ಯಾಪಾರಿಗಳ ಎದುರು ನಾವು ಕೂಗಿ ಜಾಗ ಹಿಡಿಯುವುದು ಕಷ್ಟ. ಹಿಡಿದರೂ ಧೂಳು, ಬಿಸಿಲು, ನೂಕುನುಗ್ಗಲು. ನಮ್ಮ ಸೋಪು ಹೇಳಿ ಮಾರುವ ವಸ್ತು. ಇದು ಏನು, ಯಾವುದರಿಂದ ಮಾಡಿದ್ದು, ಯಾಕೆ ಪೇಟೆ ಸೋಪಿಗಿಂತ ಬೆಲೆ ಜಾಸ್ತಿ ಅಂತ ಎರಡು ನಿಮಿಷ ನಿಂತು ಕೇಳುವವರು ಬೇಕು. ಹೆಗಲ ಮೇಲೆ ಮಗು ಕೂರಿಸಿಕೊಂಡು ರಥದ ಕಡೆ ಹೊರಟವರು ನಿಲ್ಲುವುದಿಲ್ಲ, ಅದು ಅವರ ತಪ್ಪೂ ಅಲ್ಲ.

ನಮ್ಮಂಥವರಿಗೆ ಜಾಗ ಅಂದರೆ ಹಲಸು ಮೇಳ, ಸಾವಯವ ಸಂತೆ, ತೋಟಗಾರಿಕೆ ಇಲಾಖೆಯ ಫಲಪುಷ್ಪ ಪ್ರದರ್ಶನ, ಸ್ವಸಹಾಯ ಸಂಘಗಳ ಸರಸ್ ಮೇಳ. ಶಿರಸಿಯಲ್ಲಿ ವನಸ್ತ್ರೀ ಅನ್ನುವ ಹೆಂಗಸರ ಸಂಘಟನೆಯವರು ಮಾಡುವ ಮಲೆನಾಡು ಮೇಳ ನೋಡಿದ್ದೀರಾ? ಬೀಜ, ಗೆಡ್ಡೆ, ಹಪ್ಪಳ ಹಿಡಿದು ಹೆಂಗಸರೇ ಬಂದು ಕೂರುತ್ತಾರೆ. ಅಲ್ಲಿಗೆ ಬರುವವರು ಮುರುಗಲು ಅಂದರೆ ಏನು ಅಂತ ಕೇಳುವುದಿಲ್ಲ, ನಿಮ್ಮದು ಯಾವ ಊರಿನದು ಅಂತ ಕೇಳುತ್ತಾರೆ. ಆ ವ್ಯತ್ಯಾಸ ದೊಡ್ಡದು.

ಇನ್ನು ಕಾಲದ ಲೆಕ್ಕ. ಸೋಪು ಅಚ್ಚಿನಿಂದ ತೆಗೆದ ಮೇಲೆ ಕನಿಷ್ಠ 4 ವಾರ, ಸಾಧ್ಯವಾದರೆ 6 ವಾರ ಗಾಳಿಯಾಡುವ ಕಡೆ ಒಣಗಬೇಕು. ಹಲಸು ಮೇಳಗಳು ಮೇ, ಜೂನ್‌ನಲ್ಲಿ ಬರುತ್ತವೆ ಅಂತಿಟ್ಟುಕೊಳ್ಳಿ. ನಿಮ್ಮ ಸೋಪು ಮಾರ್ಚ್ ಕೊನೆಗೇ ಅಚ್ಚಿಗೆ ಬಿದ್ದಿರಬೇಕು. ಆದರೆ ಮುರುಗಲು ಹಣ್ಣಾಗುವುದು ಏಪ್ರಿಲ್ ನಂತರ. ಅಂದರೆ ಈ ವರ್ಷದ ತುಪ್ಪ ಮುಂದಿನ ವಸಂತದ ಸೋಪಿಗೆ. ಈ ಬೇಸಿಗೆಯಲ್ಲಿ ಅತ್ತೆಯವರ ಜೊತೆ ಕೂತು ಆದಷ್ಟು ತುಪ್ಪ ತೆಗೆದಿಡಿ. ನೀರಿನ ಪಸೆ ಪೂರ್ತಿ ಹೋಗುವ ಹಾಗೆ ಕಾಯಿಸಿ, ಸೋಸಿ, ಮುಚ್ಚಳ ಬಿಗಿಯಾದ ಡಬ್ಬದಲ್ಲಿ ಇಟ್ಟರೆ ಒಂದು ವರ್ಷ ಏನೂ ಆಗುವುದಿಲ್ಲ. ಚಳಿ ಶುರುವಾದಾಗಿಂದ ಮಾರ್ಚ್‌ವರೆಗೆ ಸೋಪು ಮಾಡಿ. ನಮ್ಮ ಮಲೆನಾಡಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಆ ಕೆಲಸ ಬೇಡವೇ ಬೇಡ. ಒಣಗಿಸಲು ಅಟ್ಟ ಒಳ್ಳೆಯದು, ಆದರೆ ಒಲೆ ಮೇಲಿನ ಅಟ್ಟ ಬೇಡ, ಹೊಗೆ ವಾಸನೆ ಹೀರಿಕೊಂಡುಬಿಡುತ್ತದೆ.

ರಸಾಯನ_ಮೇಷ್ಟ್ರು (ಸಾಗರ)

ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ನನ್ನ ಹೆಂಡತಿ ಸೋಪು ಮಾಡುತ್ತಾಳೆ, ತೂಕ ಮಾಡಿಕೊಡುವ ಕೆಲಸ ನನ್ನದು. ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಬೆವರುವುದು ಸೋಪಿನ ದೋಷ ಅಲ್ಲ. ಎಣ್ಣೆ ಮತ್ತು ಕಾಸ್ಟಿಕ್ ಸೋಡಾ ಅನ್ನುವ ಕಟು ಕ್ಷಾರ ಸೇರಿ ಸೋಪಾಗುವಾಗ ಗ್ಲಿಸರಿನ್ ಹುಟ್ಟುತ್ತದೆ. ದೊಡ್ಡ ಕಾರ್ಖಾನೆಗಳಲ್ಲಿ ಅದನ್ನು ಬೇರೆ ತೆಗೆಯುವುದು ರೂಢಿ, ನಮ್ಮ ಸೋಪಿನಲ್ಲಿ ಅದು ಒಳಗೇ ಉಳಿಯುತ್ತದೆ. ಗ್ಲಿಸರಿನ್‌ಗೆ ಗಾಳಿಯಲ್ಲಿನ ತೇವ ಎಳೆದುಕೊಳ್ಳುವ ಗುಣ. ಆಷಾಢದ ಗಾಳಿಯಲ್ಲಿ ತೇವಕ್ಕೇನು ಬರ? ಅದಕ್ಕೇ ಹನಿ. ಒಣಗಿದ ಸೋಪನ್ನು ಮಳೆ ಶುರುವಾಗುವ ಮೊದಲೇ ಗಾಳಿಯಾಡದ ಡಬ್ಬಕ್ಕೆ ತುಂಬಿಬಿಡಿ. ಕಾಸ್ಟಿಕ್ ಸೋಡಾ ಕೂಡ ಹಾಗೆಯೇ, ತೆರೆದಿಟ್ಟರೆ ನೀರು ಹೀರಿ ಶಕ್ತಿ ಕಳೆದುಕೊಳ್ಳುತ್ತದೆ. ಹಳೆಯ ಡಬ್ಬದ ಕಾಸ್ಟಿಕ್‌ನಲ್ಲಿ ಮಾಡಿದ ಸೋಪು ಮೆತ್ತಗೆ, ಜಿಡ್ಡಾಗಿ ಉಳಿದರೆ ಕಾರಣ ಅದೇ ಇರಬಹುದು.

ನೀವು ಯಾವ ಅಳತೆಯಲ್ಲಿ ಮಾಡುತ್ತೀರಿ ಅಂತ ಬರೆದಿಲ್ಲ. ದಯವಿಟ್ಟು ಲೋಟ, ಚಮಚದ ಲೆಕ್ಕ ಬೇಡ. ಎಲ್ಲವನ್ನೂ ಗ್ರಾಂ ತಕ್ಕಡಿಯಲ್ಲಿ ತೂಗಿ, ನೀರನ್ನೂ ಕೂಡ. ನಾವು ಮಾಡುವ ಒಂದು ಲೆಕ್ಕ ಹೇಳುತ್ತೇನೆ. ಒಟ್ಟು 1000 ಗ್ರಾಂ ಎಣ್ಣೆ: ತೆಂಗಿನೆಣ್ಣೆ 300, ಅಕ್ಕಿ ತೌಡಿನ ಎಣ್ಣೆ 450, ಮುರುಗಲು ತುಪ್ಪ 150, ಹರಳೆಣ್ಣೆ 100. ಇದಕ್ಕೆ ಕಾಸ್ಟಿಕ್ ಸೋಡಾ ಸುಮಾರು 140 ಗ್ರಾಂ, ನೀರು 280 ಗ್ರಾಂ. ಇದರಲ್ಲಿ ಎಣ್ಣೆಯ 5 ಶೇಕಡಾದಷ್ಟು ಸೋಪಾಗದೆ ಹಾಗೇ ಉಳಿಯುತ್ತದೆ, ಚರ್ಮಕ್ಕೆ ಹಿತ. ಎಣ್ಣೆ ಬದಲಾದರೆ ಕಾಸ್ಟಿಕ್ ಲೆಕ್ಕವೂ ಬದಲಾಗುತ್ತದೆ. ತೆಂಗಿನೆಣ್ಣೆಯ ಒಂದು ಗ್ರಾಂಗೆ ಸುಮಾರು 0.183 ಗ್ರಾಂ ಕಾಸ್ಟಿಕ್ ಬೇಕು, ಹರಳೆಣ್ಣೆಗೆ 0.128 ಸಾಕು. ಅದಕ್ಕೇ ಯಾರದೋ ಅಳತೆ ತಂದು ನಿಮ್ಮ ಎಣ್ಣೆಗೆ ಹಾಕಬಾರದು. ತೆಂಗಿನೆಣ್ಣೆ ನೊರೆ ಕೊಡುತ್ತದೆ, ಆದರೆ ಜಾಸ್ತಿಯಾದರೆ ಮೈ ಒಣಗುತ್ತದೆ. ಮುರುಗಲು ತುಪ್ಪ ಬಿಲ್ಲೆಯನ್ನು ಗಟ್ಟಿ ಮಾಡುತ್ತದೆ, ಬೇಗ ಕಮಟುವುದೂ ಇಲ್ಲ. ಏಪ್ರಿಲ್ ಬಿಸಿಲಲ್ಲಿ ತೆಂಗಿನೆಣ್ಣೆ ನೀರಾಗಿದ್ದಾಗಲೂ ಅದು ಉಂಡೆಯಾಗಿಯೇ ಇರುತ್ತದೆ ನೋಡಿ, ಕರಗಲು ಸುಮಾರು 40 ಡಿಗ್ರಿ ಬೇಕು. ಸೂರ್ಯಕಾಂತಿ ಎಣ್ಣೆ ಹಾಕಬೇಡಿ, ಬೇಗ ಹಳಸಿ ಸೋಪಿನ ಮೇಲೆ ಕಿತ್ತಳೆ ಬಣ್ಣದ ಚುಕ್ಕೆ ಏಳುತ್ತದೆ.

ಕಾಸ್ಟಿಕ್ ವಿಷಯದಲ್ಲಿ ಗಟ್ಟಿಯಾಗಿ ಹೇಳುತ್ತೇನೆ. ಯಾವಾಗಲೂ ನೀರಿಗೆ ಕಾಸ್ಟಿಕ್ ಹಾಕಬೇಕು, ಕಾಸ್ಟಿಕ್‌ಗೆ ನೀರು ಹೊಯ್ಯಬಾರದು. ಎರಡನೆಯದರಲ್ಲಿ ಕುದಿದು ಮುಖಕ್ಕೇ ಹಾರುತ್ತದೆ. ಅಲ್ಯೂಮಿನಿಯಂ ಪಾತ್ರೆ ಬೇಡ, ಅದನ್ನು ಕಾಸ್ಟಿಕ್ ತಿನ್ನುತ್ತದೆ, ಬೆಂಕಿ ಹತ್ತುವ ಅನಿಲವೂ ಬರುತ್ತದೆ. ಸ್ಟೀಲ್ ಪಾತ್ರೆ ತಗೊಳ್ಳಿ. ಕೈಗವಸು, ಕಣ್ಣಿಗೆ ಕನ್ನಡಕ, ತುಂಬು ತೋಳಿನ ಅಂಗಿ. ಹಿಂದಿನ ಜಗಲಿಯಲ್ಲಿ, ಗಾಳಿಯಾಡುವ ಕಡೆ ಮಾಡಿ. ಮಕ್ಕಳು, ಬೆಕ್ಕು, ನಾಯಿ ಹತ್ತಿರ ಬರಬಾರದು. ಮೈಮೇಲೆ ಬಿದ್ದರೆ ಹುಳಿ, ವಿನೆಗರ್ ಅಂತ ಹುಡುಕುತ್ತಾ ಕೂರಬೇಡಿ, ಧಾರಾಳ ನೀರು ಹರಿಸಿ ತೊಳೆಯಿರಿ. ಕಣ್ಣಿಗೆ ಬಿದ್ದರೆ ತೊಳೆಯುತ್ತಲೇ ಡಾಕ್ಟರ ಹತ್ತಿರ ಹೊರಡಿ.

ಹೂವಿನ ಪರಿಮಳ. ಸುರಗಿ ಹೂ ಒಣಗಿದರೂ ವಾಸನೆ ಬಿಡುವುದಿಲ್ಲ ಅಂತ ನಮಗೆಲ್ಲ ಗೊತ್ತು, ಆದರೆ ಹಸಿ ಸೋಪಿನ ಕ್ಷಾರದ ಮುಂದೆ ಅದು ನಿಲ್ಲುವುದಿಲ್ಲ. ರಂಜೆಯೂ ಅಷ್ಟೇ. ಹೂವನ್ನು ಅರೆದು ಹಾಕಿದರೆ ಕಂದು ಚೂರು ಉಳಿಯುತ್ತದೆ, ಪರಿಮಳ ಇಲ್ಲ. ಮಜ್ಜಿಗೆ ಹುಲ್ಲಿನ (ಲೆಮನ್ ಗ್ರಾಸ್) ಎಣ್ಣೆ, ಲಾವಂಚದ ಎಣ್ಣೆ ನಿಲ್ಲುತ್ತವೆ. ಒಂದು ಕಿಲೋ ಎಣ್ಣೆಗೆ 20 ಗ್ರಾಂ ಸಾಕು. ದಾಲ್ಚಿನ್ನಿ ಎಣ್ಣೆ ಹಾಕಲೇಬೇಡಿ, ಚರ್ಮ ಉರಿಯುತ್ತದೆ. ಸುರಗಿ ಬೇಕೇ ಬೇಕು ಅಂದರೆ ಒಣಗಿದ ಸೋಪಿನ ಡಬ್ಬದಲ್ಲಿ ಒಣ ಸುರಗಿ ಮಾಲೆ ಇಡಿ. ಹೊದಿಕೆಗೆ ವಾಸನೆ ಹಿಡಿಯುತ್ತದೆ, ಅಷ್ಟು ಸಾಕಲ್ವಾ?

ಬಣ್ಣದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮುರುಗಲು ಸಿಪ್ಪೆಯ ರಸ ಹಾಕಿದರೆ ಕೆಂಪು ಸೋಪು ಬರುತ್ತದೆ ಅಂತ ಅನಿಸುತ್ತದೆ, ಬರುವುದಿಲ್ಲ. ಆ ಕೆಂಪು ಹುಳಿಯಲ್ಲಿ ಮಾತ್ರ ಉಳಿಯುವ ಬಣ್ಣ, ಕ್ಷಾರ ತಾಗಿದರೆ ಕೊಳಕು ಹಸಿರು, ಕಂದು ಆಗುತ್ತದೆ. ಅರಿಸಿನ ಇದರ ತದ್ವಿರುದ್ಧ. ಅರಿಸಿನ, ಸುಣ್ಣ ಕಲಸಿ ಆರತಿಯ ಕೆಂಪು ನೀರು ಮಾಡುತ್ತೇವಲ್ಲ, ಅದೇ ಕ್ರಿಯೆ ಇಲ್ಲೂ ಆಗುತ್ತದೆ. ಮೊದಲು ಕೆಂಪಾಗಿ ಕಂಡು, ಸೋಪು ಒಣಗುತ್ತಾ ಹಳದಿ ಕಡೆ ತಿರುಗುತ್ತದೆ. ಗಾಬರಿಯಾಗಿ ಚೆಲ್ಲಬೇಡಿ.

ಜಯನಗರದ_ಗಿರಾಕಿ (ಬೆಂಗಳೂರು)

ನಾನು ಮಾಡುವವನಲ್ಲ, ಕೊಳ್ಳುವವನು. ಅಮ್ಮನ ತವರು ಸೊರಬ, ಹಾಗಾಗಿ ಇಂಥ ಮೇಳಗಳಿಗೆ ತಪ್ಪದೆ ಹೋಗುತ್ತೇನೆ. ಕೊಳ್ಳುವವರ ಕಡೆಯಿಂದ ಎರಡು ಮಾತು.

ಮೊದಲನೆಯದು, ಒಳಗೆ ಏನಿದೆ ಅಂತ ಪೂರ್ತಿ ಬರೆಯಿರಿ. ಎಷ್ಟೋ ಕಡೆ ‘ಕೆಮಿಕಲ್ ಇಲ್ಲ’ ಅಂತ ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ಕಾಸ್ಟಿಕ್ ಇಲ್ಲದೆ ಸೋಪು ಹೇಗೆ ಆಗುತ್ತದೆ ಅಂತ ಕೇಳಿದರೆ ಉತ್ತರ ಇರುವುದಿಲ್ಲ. ಕಾಸ್ಟಿಕ್ ಹಾಕುತ್ತೇವೆ, ಎಣ್ಣೆ ಜೊತೆ ಸೇರಿ ಅದು ಸೋಪಾಗಿ ಮುಗಿದುಹೋಗುತ್ತದೆ ಅಂತ ನೇರವಾಗಿ ಹೇಳಿದ ಒಬ್ಬ ಅಜ್ಜಿಯ ಹತ್ತಿರ ನಾನು ಇವತ್ತಿಗೂ ತರಿಸಿಕೊಳ್ಳುತ್ತೇನೆ. ನನ್ನ ಮಗಳ ಚರ್ಮ ಸೂಕ್ಷ್ಮ. ವಾಸನೆ ಯಾವುದೂ ಬೇಡ. ಪರಿಮಳ ಹಾಕದ ಒಂದು ಬಿಲ್ಲೆಯನ್ನೂ ಇಟ್ಟುಕೊಳ್ಳಿ, ಅದನ್ನೇ ಹುಡುಕಿಕೊಂಡು ಬರುವವರಿದ್ದಾರೆ.

ಎರಡನೆಯದು, ಊರಲ್ಲಿ ಚೆನ್ನಾಗಿ ನೊರೆ ಬರುವ ಸೋಪು ನಮ್ಮ ಮನೆಯಲ್ಲಿ ನೊರೆಯೇ ಬರುವುದಿಲ್ಲ. ಬಚ್ಚಲ ಟೈಲ್ಸ್ ಮೇಲೆ ಬಿಳಿ ಗಸಿ ಕೂರುತ್ತದೆ. ಇದಕ್ಕೆ ಏನಾದರೂ ದಾರಿ ಇದೆಯಾ ಮೇಷ್ಟ್ರೇ?

ರಸಾಯನ_ಮೇಷ್ಟ್ರು (ಸಾಗರ)

ನಿಮ್ಮ ಮನೆಯಲ್ಲಿ ಬೋರ್ ನೀರು ಇರಬೇಕು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಸೋಪು ಅವುಗಳ ಜೊತೆ ಸೇರಿ ನೀರಲ್ಲಿ ಕರಗದ ಗಸಿಯಾಗುತ್ತದೆ. ನಮ್ಮ ಅಬ್ಬಿ ನೀರು ಮೆದು, ಅದಕ್ಕೇ ಇಲ್ಲಿ ನೊರೆ ಧಾರಾಳ. ದಾರಿ ಇದೆ. ಸೋಪು ಮಾಡುವಾಗಲೇ ಕಿಲೋ ಎಣ್ಣೆಗೆ 10 ಗ್ರಾಂ ಸಿಟ್ರಿಕ್ ಆಸಿಡ್ ಸೇರಿಸಬಹುದು. ಅದು ಸ್ವಲ್ಪ ಕಾಸ್ಟಿಕ್ ಅನ್ನು ತಿಂದುಬಿಡುತ್ತದೆ, ಹಾಗಾಗಿ ಕಾಸ್ಟಿಕ್ 6 ಗ್ರಾಂ ಹೆಚ್ಚು ಹಾಕಬೇಕು. ಗಸಿ ಪೂರ್ತಿ ನಿಲ್ಲುವುದಿಲ್ಲ, ಕಡಿಮೆಯಾಗುತ್ತದೆ. ಬೆಂಗಳೂರಿಗೆ ಕಳಿಸುವವರು ಇದನ್ನು ಮಾಡಲೇಬೇಕು ಅನ್ನುವುದು ನನ್ನ ಅಭಿಪ್ರಾಯ.

ಬೆಟ್ಟದಮನೆ

ಎಲ್ಲರಿಗೂ ತುಂಬಾ ಧನ್ಯವಾದ. ಮೇಷ್ಟ್ರೇ, ತೂಕದ ತಕ್ಕಡಿ ಇದೆ, ಅದರಲ್ಲೇ ಮಾಡುತ್ತಿದ್ದೇನೆ. ನಾನು ತೆಂಗಿನೆಣ್ಣೆ ಅರ್ಧಕ್ಕರ್ಧ ಹಾಕುತ್ತಿದ್ದೆ, ನಿಮ್ಮ ಲೆಕ್ಕವನ್ನೂ ಮಾಡಿ ನೋಡುತ್ತೇನೆ. ಹೇಗೂ ತೆಂಗಿನೆಣ್ಣೆ 2025ರಲ್ಲಿ ಕಿಲೋಗೆ 400 ದಾಟಿದ ಮೇಲೆ ಅಷ್ಟು ಹಾಕಲು ಕೈ ಬರುವುದಿಲ್ಲ.

ಅಕ್ಕಾ, ಬೆಲೆ ಬಗ್ಗೆ ನೀವು ಹೇಳಲಿಲ್ಲ. ಲೈಸೆನ್ಸ್ ವಿಷಯವೂ ಹಾಗೇ ಉಳಿಯಿತು. ಇನ್ನೊಂದು, ಹಾಲು ಹಾಕಿದ ಸೋಪಿಗೆ ಬೇಡಿಕೆ ಇದೆ ಅಂತ ಕೇಳಿದ್ದೇನೆ. ನಮ್ಮ ಗಿಡ್ಡ ಹಸುವಿನ ಹಾಲು ಹಾಕಬಹುದಾ?

ತುಂಗೆದಡ (ತೀರ್ಥಹಳ್ಳಿ)

ಹಾಲು ಹಾಕಬಹುದು. ನೀರಿನ ಬದಲು ಹಾಲು, ಆದರೆ ಫ್ರೀಜರಿನಲ್ಲಿ ಗಟ್ಟಿ ಮಾಡಿಕೊಂಡು ಕಾಸ್ಟಿಕ್ ಅನ್ನು ಸ್ವಲ್ಪ ಸ್ವಲ್ಪವೇ ಹಾಕಬೇಕು. ಇಲ್ಲದಿದ್ದರೆ ಹಾಲಿನ ಸಕ್ಕರೆ ಕಾದು ಕಂದಾಗಿ ಸೀದ ವಾಸನೆ ಬರುತ್ತದೆ. ಜೇನು ಹಾಕುವುದಾದರೂ ಅಷ್ಟೇ, ಅದು ಸೋಪನ್ನು ಒಳಗಿಂದ ಬಿಸಿ ಮಾಡುತ್ತದೆ, ಕಂಬಳಿ ಹೊದಿಸಿ ಮುಚ್ಚಿಡಬೇಡಿ. ವಸಂತದಲ್ಲಿ ತುಡುವೆ ಜೇನಿನ ಪೆಟ್ಟಿಗೆ ಬಿಚ್ಚುವವರ ಹತ್ತಿರ ಮೇಣ ಸಿಗುತ್ತದಲ್ಲ, ಅದನ್ನು ಎಣ್ಣೆಯ ಜೊತೆ ಚೂರು ಕರಗಿಸಿದರೆ ಬಿಲ್ಲೆ ಗಟ್ಟಿಯಾಗುತ್ತದೆ.

ಬೆಲೆ ಬಗ್ಗೆ ನನ್ನ ಅಭಿಪ್ರಾಯ ಖಡಕ್ಕಾಗಿದೆ. ಮೇಷ್ಟ್ರು ಹೇಳಿದ ಅಳತೆಯಲ್ಲಿ ಒಣಗಿದ ಮೇಲೆ 100 ಗ್ರಾಂನ ಸುಮಾರು 12 ಬಿಲ್ಲೆ ಬರುತ್ತವೆ. ಎಣ್ಣೆ, ಕಾಸ್ಟಿಕ್, ಪರಿಮಳ, ಹೊದಿಕೆ ಸೇರಿ ಸಾಮಾನಿಗೇ 400 ರೂಪಾಯಿ ಹತ್ತಿರ ಆಗುತ್ತದೆ, ಮನೆಯ ತುಪ್ಪಕ್ಕೂ ಬೆಲೆ ಹಿಡಿದರೆ. ಹಿಡಿಯಲೇಬೇಕು. ಅತ್ತೆಯವರು ಬೀಜ ಆರಿಸಿ, ಒಣಗಿಸಿ, ಕುಟ್ಟಿ, ಸೌದೆ ಉರಿಸಿ ಕಾಯಿಸಿದ್ದಕ್ಕೆ ಕೂಲಿ ಇಲ್ಲವಾ? ನಮ್ಮ ಹೆಂಗಸರು ಮನೆಯಲ್ಲಿ ಸಿಕ್ಕಿದ್ದಕ್ಕೆ ಬೆಲೆ ಹಾಕುವುದಿಲ್ಲ, ಸುಮ್ನೆ 50 ರೂಪಾಯಿಗೆ ಕೊಟ್ಟು ಬರುತ್ತಾರೆ. ಪಕ್ಕದ ಮಳಿಗೆಯಲ್ಲಿ ಕೂತವರ ವ್ಯಾಪಾರವೂ ಕೆಡುತ್ತದೆ. ನಾನು 120ಕ್ಕೆ ಮಾರುತ್ತೇನೆ. ಮೂರು ತಗೊಂಡರೆ 330. ಇದಕ್ಕಿಂತ ಕೆಳಗೆ ಇಳಿಯುವುದಿಲ್ಲ. ಬದಲಿಗೆ 30 ಗ್ರಾಂನ ಸಣ್ಣ ತುಂಡು ಮಾಡಿ 40 ರೂಪಾಯಿಗೆ ಇಡುತ್ತೇನೆ, ಮೊದಲ ಸಲ ಕೊಳ್ಳುವವರು ಅದನ್ನು ಒಯ್ಯುತ್ತಾರೆ. ಹಿಡಿಸಿದರೆ ದೊಡ್ಡದಕ್ಕೆ ಫೋನ್ ಮಾಡುತ್ತಾರೆ.

ಮಳಿಗೆಯಲ್ಲಿ ಒಂದು ಬೋಗುಣಿ ನೀರು, ಒಂದು ಬಿಲ್ಲೆ, ಒಂದು ಟವಲ್ ಇಡಿ. ಜನ ಕೈ ತೊಳೆದು ನೋಡಲಿ. ಮುರುಗಲು ಬೀಜ, ತುಪ್ಪದ ಉಂಡೆ ಎರಡನ್ನೂ ತಟ್ಟೆಯಲ್ಲಿ ಇಡಿ. ‘ಗಂಧದ್ದು ಇದೆಯಾ’ ಅಂತ ಕೇಳುವವರು ಬಂದೇ ಬರುತ್ತಾರೆ. ನೂರು ವರ್ಷಕ್ಕೂ ಹಿಂದೆ ಬೆಂಗಳೂರಿನಲ್ಲಿ ಸರ್ಕಾರಿ ಸೋಪು ಕಾರ್ಖಾನೆ ಶುರುವಾದಾಗಿನಿಂದ ನಮ್ಮವರಿಗೆ ಒಳ್ಳೆ ಸೋಪು ಅಂದರೆ ಗಂಧದ್ದೇ. ಅಸಲಿ ಗಂಧದೆಣ್ಣೆ ಕಿಲೋಗೆ ಲಕ್ಷ ದಾಟುತ್ತದೆ, ನಮ್ಮಿಂದಾಗುವುದಿಲ್ಲ. ಕೃತಕ ಸೆಂಟು ಹಾಕಿ ಗಂಧ ಅಂತ ಬರೆಯಬೇಡಿ. ಇಲ್ಲ ಅಂತ ಹೇಳಿ, ಇರುವುದನ್ನು ತೋರಿಸಿ.

ಸಂಘದ_ಲೆಕ್ಕ (ಯಲ್ಲಾಪುರ)

ಲೈಸೆನ್ಸ್ ಬಗ್ಗೆ ನಾನು ಹೇಳುತ್ತೇನೆ, ನಮ್ಮ ಸ್ವಸಹಾಯ ಸಂಘದ ಕಾಗದಪತ್ರ ನೋಡಿಕೊಳ್ಳುವವಳು ನಾನೇ. ಹೆದರಿಸಿದವರು ಹೇಳಿದ್ದು ನಿಜ. ಸ್ನಾನದ ಸೋಪು ಕಾನೂನಿನ ಲೆಕ್ಕದಲ್ಲಿ ಕಾಸ್ಮೆಟಿಕ್. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ, ಅದರ ಕೆಳಗಿನ 2020ರ ಕಾಸ್ಮೆಟಿಕ್ಸ್ ನಿಯಮಗಳು ಇದಕ್ಕೆ ಅನ್ವಯ. ಮಾರಾಟಕ್ಕೆ ತಯಾರಿಸುವವರು ರಾಜ್ಯದ ಔಷಧ ನಿಯಂತ್ರಣದವರಿಂದ ಪರವಾನಗಿ ಪಡೆಯಬೇಕು. ಮನೆಯಲ್ಲಿ ಮಾಡಿದ್ದು, ಸ್ವಲ್ಪವೇ ಮಾಡಿದ್ದು ಅಂತ ಬಿಡುವುದಿಲ್ಲ. ಪರವಾನಗಿಗೆ ಪ್ರತ್ಯೇಕ ಜಾಗ ಬೇಕು, ಅಡುಗೆಮನೆ ಆಗುವುದಿಲ್ಲ. ತಯಾರಿಕೆ ನೋಡಿಕೊಳ್ಳಲು ಅರ್ಹತೆ ಇರುವ ಒಬ್ಬರು ಇರಬೇಕು. ಅದಕ್ಕೆ ಫಾರ್ಮಸಿಯೇ ಓದಿರಬೇಕು ಅಂತಿಲ್ಲ, ಪಿಯುಸಿಯಲ್ಲಿ ರಸಾಯನಶಾಸ್ತ್ರ ಓದಿ ಪಾಸಾದವರೂ ಆಗಬಹುದು. ಹಳ್ಳಿಯಲ್ಲಿ ಅಂಥ ಹುಡುಗಿಯರು ಬೇಕಾದಷ್ಟು ಜನ ಇದ್ದಾರೆ!

ಒಬ್ಬರಿಗೆ ಭಾರವಾದರೆ ಬೇರೆ ದಾರಿಯೂ ಇದೆ. ಪರವಾನಗಿ ಇರುವ ಇನ್ನೊಬ್ಬರ ಘಟಕದಲ್ಲಿ ನಿಮ್ಮ ಹೆಸರಲ್ಲಿ ತಯಾರಿಸಲು ‘ಲೋನ್ ಲೈಸೆನ್ಸ್’ ಅಂತ ಕೊಡುತ್ತಾರೆ. ಇಲ್ಲವಾದರೆ ಸುತ್ತಲಿನ ಹೆಂಗಸರು ಸಂಘವಾಗಿ ಸೇರಿ ಒಂದು ಕೋಣೆ ಮಾಡಿಕೊಳ್ಳಿ. ನಾವು ಮಾಡಿದ್ದು ಹಾಗೇ. ಖರ್ಚು ಹಂಚಿಹೋಗುತ್ತದೆ, ಒಬ್ಬರ ಮನೆಯಲ್ಲಿ ಮದುವೆ ಬಂದರೆ ಇನ್ನೊಬ್ಬರು ನೋಡಿಕೊಳ್ಳುತ್ತಾರೆ. ಸರ್ಕಾರದ ಸಂಜೀವಿನಿ ಯೋಜನೆಯ ಸಂಘವಾದರೆ ಸರಸ್ ಮೇಳದಲ್ಲಿ ಮಳಿಗೆ ಸಿಗುವುದೂ ಸುಲಭ. ಸಾಲಕ್ಕೆ ಹೋದಾಗ ಒಂದು ಗೊತ್ತಿರಲಿ, ಪಿಎಂಎಫ್‌ಎಂಇ ಅನ್ನುವ ಕೇಂದ್ರದ ಯೋಜನೆ ಆಹಾರ ತಯಾರಿಸುವ ಸಣ್ಣ ಘಟಕಗಳಿಗೆ ಮಾತ್ರ. ಹಪ್ಪಳಕ್ಕೆ ಸಿಗುತ್ತದೆ, ಸೋಪಿಗೆ ಸಿಗುವುದಿಲ್ಲ. ಸೋಪಿಗೆ ಪಿಎಂಇಜಿಪಿ, ಅಂದರೆ ಸಣ್ಣ ಉದ್ಯಮ ಶುರು ಮಾಡಲು ಸಾಲಕ್ಕೆ ಸಹಾಯಧನ ಕೊಡುವ ಕೇಂದ್ರದ ಯೋಜನೆ, ಕೇಳಿ.

ಹೊದಿಕೆ ಮೇಲೆ ಏನಿರಬೇಕು ಅಂತಲೂ ಹೇಳಿಬಿಡುತ್ತೇನೆ. ಪೊಟ್ಟಣ ಮಾಡಿದ ವಸ್ತುಗಳಿಗೆ 2011ರ ನಿಯಮ ಇದೆ. ಮಾಡಿದವರ ಹೆಸರು, ವಿಳಾಸ, ವಸ್ತುವಿನ ಹೆಸರು, ತೂಕ, ತಯಾರಾದ ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆ ಸೇರಿದ ಬೆಲೆ, ದೂರು ಹೇಳಲು ಫೋನ್ ನಂಬರ್. ಇದರ ಜೊತೆ ಕಾಸ್ಮೆಟಿಕ್ ನಿಯಮದ ಪ್ರಕಾರ ಬ್ಯಾಚ್ ನಂಬರ್, ಪರವಾನಗಿ ನಂಬರ್, ಒಳಗಿನ ಸಾಮಾನು. ಪೂರ್ತಿ ಒಣಗಿದ ಮೇಲೆಯೇ ತೂಗಿ, ಹಸಿಯಲ್ಲಿ ತೂಗಿ 100 ಗ್ರಾಂ ಅಂತ ಬರೆದರೆ ಮಾರುವ ಹೊತ್ತಿಗೆ 90ಕ್ಕೆ ಇಳಿದಿರುತ್ತದೆ. ‘ಇಸುಬು ವಾಸಿ’, ‘ಮೊಡವೆ ಮಾಯ’ ಅಂತೆಲ್ಲ ಬರೆಯಲೇಬಾರದು, ಹಾಗೆ ಬರೆದ ಕ್ಷಣ ಅದು ಔಷಧದ ಲೆಕ್ಕಕ್ಕೆ ಹೋಗುತ್ತದೆ. ಹಿಮ್ಮಡಿ ವಿಷಯವನ್ನೂ ಬರೆಯಬೇಡಿ. ಜಿಎಸ್‌ಟಿ ಬಗ್ಗೆ ಈಗಲೇ ಚಿಂತೆ ಬೇಡ. ರಾಜ್ಯದ ಒಳಗೇ ಸಾಮಾನು ಮಾರುವವರಿಗೆ ವರ್ಷಕ್ಕೆ 40 ಲಕ್ಷದವರೆಗೆ ನೋಂದಣಿ ಕಡ್ಡಾಯ ಅಲ್ಲ.

ಮಡಿಕೇರಿ_ಮಂಜು (ಕೊಡಗು)

ತುಂಗೆದಡ ಅಕ್ಕ ಹೇಳಿದ್ದನ್ನು ಪೂರ್ತಿ ಒಪ್ಪುವುದಿಲ್ಲ. ದೊಡ್ಡ ಜಾತ್ರೆ ಬೇಡ, ಸರಿ. ಆದರೆ ಸಣ್ಣ ಊರ ಹಬ್ಬಗಳನ್ನು ಬಿಡಬೇಡಿ. ನಮ್ಮ ಕಡೆ ಮಾರ್ಚ್, ಏಪ್ರಿಲ್‌ನಲ್ಲಿ ಒಂದು ಮಳೆ ಬಿದ್ದರೆ ವಾರದಲ್ಲಿ ಕಾಫಿ ಹೂ ಅರಳುತ್ತದೆ. ಗುಡ್ಡವೆಲ್ಲ ಬೆಳ್ಳಗೆ, ಮಲ್ಲಿಗೆ ಥರ ವಾಸನೆ, ನಾಲ್ಕೈದು ದಿನ ಅಷ್ಟೇ. ಅದನ್ನು ನೋಡಲು ಬೆಂಗಳೂರು, ಮೈಸೂರಿನಿಂದ ಜನ ಬರುತ್ತಾರೆ. ಅದೇ ಸಮಯಕ್ಕೆ ಊರ ದೇವಸ್ಥಾನಗಳ ಹಬ್ಬಗಳೂ ಇರುತ್ತವೆ. ದೇವಸ್ಥಾನದ ಕಮಿಟಿಯವರನ್ನು ಕೇಳಿ ಒಂದು ಮೂಲೆಯಲ್ಲಿ ಮೇಜು ಹಾಕಿದರೆ ಬಾಡಿಗೆ ಹೆಚ್ಚೇನಿಲ್ಲ. ಊರವರಿಗೆ ಕಡಿಮೆ ಬೆಲೆಯ ಸಣ್ಣ ತುಂಡು, ಹೊರಗಿನವರಿಗೆ ದೊಡ್ಡದು. ನನಗೆ ಪೇಟೆಯ ಮೇಳಕ್ಕಿಂತ ಇದರಲ್ಲೇ ಕೈಗೆ ಹೆಚ್ಚು ಉಳಿದಿದೆ, ಯಾಕೆಂದರೆ ಬಸ್ಸು, ಊಟ, ಉಳಿಯುವ ಖರ್ಚು ಇಲ್ಲ.

ಹೋಂಸ್ಟೇಗಳನ್ನೂ ನೋಡಿ. ಬಚ್ಚಲಲ್ಲಿ ಇಡಲು 20 ಗ್ರಾಂ ತುಂಡು ಕೇಳುತ್ತಾರೆ. ವರ್ಷವಿಡೀ ನಡೆಯುವ ವ್ಯಾಪಾರ ಅದು. ಉದ್ರಿ ಕೊಡಬೇಡಿ, ಮುಂಗಡ ತಗೊಂಡೇ ಕಳಿಸಿ.

ಕಾನುಮನೆ (ಸೊರಬ)

ಸೋಪಿನ ಬಗ್ಗೆ ನನಗೆ ಏನೂ ಗೊತ್ತಿಲ್ಲ, ಕಾಡಿನ ಬಗ್ಗೆ ಒಂದು ಮಾತು ಹೇಳಬೇಕು ಅನಿಸಿತು.

ಬೇಡಿಕೆ ಬಂದರೆ ನಿಮ್ಮ ಬೆಟ್ಟದ ಮುರುಗಲು ಸಾಕಾಗುವುದಿಲ್ಲ. ಆಗ ಜನ ಕಾಡಿಗೆ ಹೋಗುತ್ತಾರೆ. ಮುರುಗಲಿನ ಜಾತಿಯದೇ ಆದ ಉಪ್ಪಾಗೆ ಕಾಯಿಗೆ ಬೆಲೆ ಬಂದಾಗ ಏನಾಯಿತು ಅಂತ ನಾವು ನೋಡಿದ್ದೇವೆ. ಇನ್ನೊಬ್ಬರು ಕೊಯ್ದುಬಿಟ್ಟಾರು ಅಂತ ಕಾಯಿ ಬಲಿಯುವ ಮೊದಲೇ ಕೊಂಬೆಗೆ ಕೊಂಬೆಯನ್ನೇ ಕಡಿದರು. ಮತ್ತೆ ಆ ಮರ ಕಾಯಿ ಬಿಡಲು ಎಷ್ಟೋ ವರ್ಷ ಬೇಕು. ಹಾಗಾಗಿ ಬೀಜ ಕೊಳ್ಳುವಾಗಲೇ ಕರಾರು ಮಾಡಿ: ಬಿದ್ದ ಹಣ್ಣು, ಪೂರ್ತಿ ಮಾಗಿದ ಹಣ್ಣು ಮಾತ್ರ. ಇನ್ನೂ ಒಳ್ಳೆಯದು, ಸಿಪ್ಪೆ ಒಣಗಿಸುವ ಮನೆಗಳಿಂದ ಎಸೆಯುವ ಬೀಜವನ್ನೇ ಕೊಳ್ಳಿ. ಅವರಿಗೂ ಕಾಸು, ಕಾಡಿಗೂ ತೊಂದರೆ ಇಲ್ಲ. ಸರ್ಕಾರಿ ಕಾಡಿನಿಂದ ತರುವುದಾದರೆ ಅರಣ್ಯ ಇಲಾಖೆಯವರನ್ನು ಮೊದಲು ಕೇಳಿ. ಒಂದೊಂದು ಸೀಮೆಯ ಕಿರು ಉತ್ಪನ್ನ ಗುತ್ತಿಗೆಗೆ ಹೋಗಿರುತ್ತದೆ.

ಇನ್ನೊಂದು, ಇದು ಮಂಗನ ಕಾಯಿಲೆಯ ಕಾಲ. 1957ರಲ್ಲಿ ಮೊದಲು ಗುರುತಿಸಿದ್ದು ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲೇ. ಅದು ಹರಡುವುದು ಕಾಡಿನ ಉಣುಗು ಕಚ್ಚುವುದರಿಂದ. ಚಳಿಗಾಲದಿಂದ ಮಳೆ ಬೀಳುವವರೆಗೆ ಉಣುಗು ಜಾಸ್ತಿ, ನೀವು ಬೀಜ ಆರಿಸಲು, ದರಕು ಗುಡಿಸಲು ಹೋಗುವುದೂ ಅದೇ ತಿಂಗಳುಗಳಲ್ಲಿ. ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳದೆ ಬೆಟ್ಟಕ್ಕೆ ಯಾರನ್ನೂ ಕಳಿಸಬೇಡಿ. ಮೈ ತುಂಬ ಬಟ್ಟೆ ಇರಲಿ. ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ ಹಾಕಿ, ಸ್ನಾನ ಮಾಡಿ, ಮೈ ನೋಡಿಕೊಳ್ಳಿ. ಮಂಗ ಸತ್ತು ಬಿದ್ದಿದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ಹೇಳಿ. ಜ್ವರ ಬಂದರೆ ಅಲ್ಲಿಗೇ ಹೋಗಿ, ಕಾಡಿಗೆ ಹೋಗಿದ್ದೆ ಅಂತ ತಿಳಿಸಿ. ನಮ್ಮೂರಲ್ಲಿ ಇದರಿಂದ ಜೀವ ಹೋದವರಿದ್ದಾರೆ. ಅದಕ್ಕೇ ಇಷ್ಟು ಬರೆದೆ.

ಬೆಟ್ಟದಮನೆ

ಕಾನುಮನೆ ಅಣ್ಣಾ, ಇದನ್ನು ಹೇಳಿದ್ದಕ್ಕೆ ವಿಶೇಷ ಧನ್ಯವಾದ. ಕೊಂಬೆ ಕಡಿಯುವ ವಿಷಯ ಅತ್ತೆಗೆ ಓದಿ ಹೇಳಿದೆ. ಅವರು ಸುತ್ತಲಿನ ಮನೆಗಳಿಂದ ಸಿಪ್ಪೆ ತೆಗೆದ ಬೀಜ ಮಾತ್ರ ತರಿಸೋಣ, ಕಾಡಿನದು ಬೇಡ ಅಂದರು. ಕಿಲೋಗೆ ಇಷ್ಟು ಅಂತ ಬೆಲೆ ಮೊದಲೇ ಹೇಳಿಬಿಟ್ಟರೆ ಯಾರೂ ಎಸೆಯುವುದಿಲ್ಲ.

ಸದ್ಯಕ್ಕೆ ಹೀಗೆ ಅಂದುಕೊಂಡಿದ್ದೇವೆ. ಈ ಬೇಸಿಗೆಯಲ್ಲಿ ಮಾರುವುದಿಲ್ಲ. ತುಪ್ಪ ತೆಗೆದಿಡುತ್ತೇವೆ, ಮಳೆಗಾಲದಲ್ಲಿ ಸಂಘದ ಕಾಗದ, ಪರವಾನಗಿ ಅರ್ಜಿ ನೋಡುತ್ತೇವೆ. ಹಳೆಯ ಅಡಿಕೆ ಕೋಣೆ ಖಾಲಿ ಇದೆ, ಅದನ್ನೇ ಸುಣ್ಣ ಹೊಡೆದು, ನೆಲ ಮಾಡಿ ತಯಾರು ಮಾಡಬಹುದಾ ಅಂತ ವಿಚಾರಿಸಬೇಕು. ದೀಪಾವಳಿ ಕಳೆದ ಮೇಲೆ ಸೋಪು ಶುರು. ಪರಿಮಳ ಇಲ್ಲದ್ದು ಒಂದು, ಮಜ್ಜಿಗೆ ಹುಲ್ಲಿನದು ಒಂದು. ಎರಡೇ ಬಗೆ.

ಸಂಘದ ಲೆಕ್ಕ ಅಕ್ಕಾ, ನಿಮ್ಮ ಕೋಣೆ ಒಮ್ಮೆ ಬಂದು ನೋಡಬಹುದಾ? ಯಲ್ಲಾಪುರ ನಮಗೆ ದೂರವೇನಲ್ಲ.

ಸಂಘದ_ಲೆಕ್ಕ (ಯಲ್ಲಾಪುರ)

ಖಂಡಿತ ಬನ್ನಿ. ಕೋಣೆಯ ಗೋಡೆ, ನೆಲ ತೊಳೆಯುವ ಹಾಗಿರಬೇಕು, ಕಿಟಕಿಗೆ ಜಾಲರಿ, ನೀರು ಹೊರಗೆ ಹೋಗಲು ದಾರಿ, ಸಾಮಾನು ಇಡಲು ಬೇರೆ ಜಾಗ. ಅಡಿಕೆ ಕೋಣೆಗೆ ಇಷ್ಟು ಮಾಡಿಸಲು ಖರ್ಚಾಗುತ್ತದೆ, ಹಾಗಾಗಿ ಮೇಸ್ತ್ರಿ ಕರೆಯುವ ಮೊದಲು ನಕ್ಷೆ ಬರೆದುಕೊಂಡು ಅಧಿಕಾರಿಗಳಿಗೆ ತೋರಿಸಿ, ಅವರು ಹೇಳಿದ ಹಾಗೆ ಮಾಡಿಸಿ. ಬರುವಾಗ ಕೋಣೆಯ ಉದ್ದ ಅಗಲ ಅಳೆದುಕೊಂಡು ಬನ್ನಿ, ಪಹಣಿಯ ನಕಲೂ ಇರಲಿ. ಅತ್ತೆಯವರನ್ನೂ ಕರೆದುಕೊಂಡು ಬನ್ನಿ. ನಮ್ಮಲ್ಲಿ ಯಾರಿಗೂ ಮುರುಗಲು ತುಪ್ಪ ಅಷ್ಟು ಬಿಳಿಯಾಗಿ ಬರುವುದಿಲ್ಲ, ಅವರು ಎಷ್ಟು ಹೊತ್ತು ಕುದಿಸುತ್ತಾರೆ ಅಂತ ಕೇಳಬೇಕು.